ಸೀಟಿ ಊದುವ ಮೊದಲೇ ಗೋಲು: ಫ್ರೀ ಕಿಕ್, ಪೆನಾಲ್ಟಿ ಮತ್ತು ರೆಫರಿಯ ತೀರ್ಪು

ಗೋಕಾಕ ತಾಲ್ಲೂಕಿನ ಮಮದಾಪುರದ ಕಡೆಯ ಹುಡುಗರಿಗೆ ಕಬಡ್ಡಿಯ ನಿಯಮವನ್ನು ಯಾರೂ ಕೂರಿಸಿ ಕಲಿಸಬೇಕಿಲ್ಲ. ಫುಟ್‌ಬಾಲ್ ವಿಷಯ ಹಾಗಲ್ಲ. ಆಟವನ್ನು ಟಿ.ವಿ. ಮತ್ತು ಮೊಬೈಲ್ ನೋಡಿ ಕಲಿತವರೇ ಹೆಚ್ಚು. ನಿಯಮದ ಪುಸ್ತಕ ಕೈಗೆ ಸಿಕ್ಕವರು ಕಡಿಮೆ. ಗೋಕಾಕ, ಮೂಡಲಗಿ, ಹುಕ್ಕೇರಿಯ ಕಾಲೇಜುಗಳು ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಸೇರಿದವು. ಅಂತರ ಕಾಲೇಜು ಪಂದ್ಯಕ್ಕೆ ಇಳಿದಾಗ ಈ ಹುಡುಗರಿಗೂ ಅನ್ವಯಿಸುವುದು ಐಎಫ್‌ಎಬಿ ಎಂಬ ಅಂತರರಾಷ್ಟ್ರೀಯ ಮಂಡಳಿ ಬರೆದ ಅವೇ 17 ನಿಯಮಗಳು. ವಿಶ್ವಕಪ್ಪಿಗೂ ಅವೇ, ಊರ ಮೈದಾನಕ್ಕೂ ಅವೇ. ಅವುಗಳಲ್ಲಿ ಎರಡು ಮೂರನ್ನು ಸರಿಯಾಗಿ ತಿಳಿಯದ್ದಕ್ಕೆ ನಮ್ಮ ರಾಜ್ಯದ ರಾಜಧಾನಿಯಲ್ಲೇ ಒಂದು ದೊಡ್ಡ ಪಂದ್ಯ ಅರ್ಧಕ್ಕೆ ನಿಂತಿತು.

ಕಂಠೀರವದ ಆ ರಾತ್ರಿ

2023ರ ಮಾರ್ಚ್ 3. ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್‌ನ ನಾಕೌಟ್ ಪಂದ್ಯ. ಬೆಂಗಳೂರು ಎಫ್‌ಸಿ ಎದುರು ಕೇರಳ ಬ್ಲಾಸ್ಟರ್ಸ್. 90 ನಿಮಿಷ ಕಳೆದರೂ ಗೋಲಿಲ್ಲ. ಹೆಚ್ಚುವರಿ ಅವಧಿಯ ಆರಂಭದಲ್ಲೇ ಬೆಂಗಳೂರಿಗೆ ಪೆನಾಲ್ಟಿ ಪ್ರದೇಶದ ಹೊರಗೆ ಫ್ರೀ ಕಿಕ್ ಸಿಕ್ಕಿತು. ಸುನಿಲ್ ಛೆಟ್ರಿ ಚೆಂಡಿನ ಮುಂದೆ ನಿಂತಿದ್ದರು. ಬ್ಲಾಸ್ಟರ್ಸ್ ಗೋಲ್‌ಕೀಪರ್ ಪ್ರಭ್‌ಸುಖನ್ ಗಿಲ್ ಗೋಲಿನ ಬಾಯಿ ಬಿಟ್ಟು ಮುಂದೆ ಬಂದು ಆಟಗಾರರ ಗೋಡೆ ನಿಲ್ಲಿಸುವುದರಲ್ಲಿ ಮಗ್ನರಾಗಿದ್ದರು. ಅಷ್ಟರಲ್ಲೇ ಛೆಟ್ರಿ ಚೆಂಡನ್ನು ಮೆತ್ತಗೆ ಎತ್ತಿ ಬಲೆಗೆ ಹಾಕಿದರು. ರೆಫರಿ ಕ್ರಿಸ್ಟಲ್ ಜಾನ್ ಗೋಲು ಎಂದರು.

ಸೀಟಿಯೇ ಊದಿಲ್ಲ, ನಾವು ಸಿದ್ಧರೇ ಇರಲಿಲ್ಲ ಎಂಬುದು ಬ್ಲಾಸ್ಟರ್ಸ್ ವಾದ. ಕೋಚ್ ಇವಾನ್ ವುಕೊಮಾನೊವಿಚ್ ತಂಡವನ್ನು ಮೈದಾನದಿಂದ ಹೊರಗೆ ಕರೆದರು. ಮರಳಿ ಬರಲಿಲ್ಲ. ಪಂದ್ಯ ಬೆಂಗಳೂರಿನ ಪಾಲಾಯಿತು. ಅದೇ ತಿಂಗಳ ಕೊನೆಗೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಶಿಸ್ತು ಸಮಿತಿ ಬ್ಲಾಸ್ಟರ್ಸ್ ಮೇಲೆ 4 ಕೋಟಿ ರೂಪಾಯಿ ದಂಡ ಹೇರಿತು, ಸಾರ್ವಜನಿಕವಾಗಿ ಕ್ಷಮೆ ಕೇಳಬೇಕೆಂದಿತು. ಕೋಚ್‌ಗೆ 10 ಪಂದ್ಯಗಳ ನಿಷೇಧ, 5 ಲಕ್ಷ ರೂಪಾಯಿ ದಂಡ.

ಫ್ರೀ ಕಿಕ್ಕಿಗೆ ಸೀಟಿ ಬೇಕೇ?

ಸಾಮಾನ್ಯವಾಗಿ ಬೇಡ. ಫ್ರೀ ಕಿಕ್ಕಿಗೆ ಸಂಬಂಧಿಸಿದ್ದು 13ನೇ ನಿಯಮ. ತಪ್ಪು ಮಾಡಿದ ತಂಡ ಆ ತಪ್ಪಿನಿಂದ ಲಾಭ ಪಡೆಯಬಾರದು ಎಂಬುದು ಅದರ ಜೀವಾಳ. ಆದ್ದರಿಂದ ಏಟು ತಿಂದ ತಂಡ ಬಯಸಿದರೆ ತಕ್ಷಣ ಒದೆಯಬಹುದು. ಎದುರಾಳಿಗಳು 9.15 ಮೀಟರ್ ದೂರ ಸರಿಯಬೇಕು. ಸರಿಯುವ ತನಕ ಕಾಯುವ ಬಾಧ್ಯತೆ ಒದೆಯುವವನಿಗಿಲ್ಲ. ಗೋಡೆ ಕಟ್ಟಿಕೊಳ್ಳುವುದು ರಕ್ಷಣಾ ತಂಡದ ಅಭ್ಯಾಸವೇ ಹೊರತು ನಿಯಮ ಕೊಟ್ಟ ಹಕ್ಕಲ್ಲ. ನಮ್ಮ ಹುಡುಗರು ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದ ಮಾತು ಇದೇ.

ಇದಕ್ಕೆ ಇನ್ನೊಂದು ಮಗ್ಗುಲಿದೆ. ಹತ್ತಿರ ನಿಂತ ಎದುರಾಳಿಗೆ ಚೆಂಡು ಸಿಕ್ಕರೆ ಆಟ ಮುಂದುವರಿಯುತ್ತದೆ; ಅವಸರ ಮಾಡಿದ್ದರ ಫಲ ಒದೆದವನದು. ಬೇಕೆಂದೇ ಚೆಂಡಿಗೆ ಅಡ್ಡ ನಿಂತು ಒದೆಯಲು ಬಿಡದಿದ್ದರೆ ಮಾತ್ರ ಹಳದಿ ಕಾರ್ಡು.

ಸೀಟಿ ಯಾವಾಗ ಬೇಕೆಂದರೆ, ಒದೆಯುವ ತಂಡವೇ ದೂರ ಅಳೆದುಕೊಡಿ ಎಂದು ಕೇಳಿದಾಗ, ಇಲ್ಲವೇ ಕಾರ್ಡು ತೋರಿಸಲು ಅಥವಾ ಗಾಯಾಳುವನ್ನು ನೋಡಲು ರೆಫರಿ ಆಟ ತಡೆದಾಗ. ಆಗ ರೆಫರಿ ಸೀಟಿಯನ್ನು ಬೆರಳಿನಿಂದ ತೋರಿಸಿ, ಇದು ಊದುವ ತನಕ ಒದೆಯಬೇಡ ಎಂದು ಸನ್ನೆ ಮಾಡುತ್ತಾರೆ. ಕಂಠೀರವದ ತಕರಾರಿನ ಗಂಟು ಇದ್ದದ್ದು ಇಲ್ಲೇ. ರೆಫರಿ ನೆಲದ ಮೇಲೆ ಸ್ಪ್ರೇಯಿಂದ ಗುರುತು ಹಾಕಿದ ಮೇಲೆ ಅದು ಸೀಟಿಗೆ ಕಾಯುವ ಕಿಕ್ ಆಯಿತು ಎಂದು ಕೇರಳದವರು ವಾದಿಸಿದರು. ಗೋಡೆಯೂ ಬೇಡ, ಸೀಟಿಯೂ ಬೇಡ ಎಂದು ರೆಫರಿಗೆ ಮೊದಲೇ ಹೇಳಿದ್ದೆ, ಬ್ಲಾಸ್ಟರ್ಸ್ ಆಟಗಾರ ಏಡ್ರಿಯನ್ ಲೂನಾ ಅದನ್ನು ಕೇಳಿಸಿಕೊಂಡೇ ಮೊದಲ ಯತ್ನಕ್ಕೆ ಅಡ್ಡ ಬಂದರು ಎಂದು ಛೆಟ್ರಿ ಹೇಳಿದರು. ಛೆಟ್ರಿ ನಿಯಮದೊಳಗೇ ಆಡಿದರು ಎಂಬುದು ನನ್ನ ಅಭಿಪ್ರಾಯ. ಆದರೆ ರೆಫರಿಯ ಸನ್ನೆ 22 ಜನಕ್ಕೂ ಕಾಣುವಂತಿದ್ದಿದ್ದರೆ ಅಷ್ಟು ದೊಡ್ಡ ರಂಪ ಆಗುತ್ತಿರಲಿಲ್ಲ.

ಕೊನೆಯ ಮಾತು ಯಾರದು?

5ನೇ ನಿಯಮದ ಪ್ರಕಾರ ಗೋಲು ಆಯಿತೋ ಇಲ್ಲವೋ ಎಂಬುದೂ ಸೇರಿ, ಆಟದ ಘಟನೆಗಳ ಬಗ್ಗೆ ರೆಫರಿ ಕೊಟ್ಟ ತೀರ್ಪೇ ಅಂತಿಮ. ತಪ್ಪು ಅರಿವಾದರೆ ರೆಫರಿ ತಿದ್ದಿಕೊಳ್ಳಬಹುದು. ಆದರೆ ಆಟ ಮತ್ತೆ ಶುರುವಾಗುವ ಮೊದಲೇ ತಿದ್ದಿಕೊಳ್ಳಬೇಕು.

ಈ ನಿಯಮದ ಕಹಿಯನ್ನು ಬೆಂಗಳೂರು ತಂಡವೂ ಉಂಡಿದೆ. ಅದೇ 2023ರ ಮಾರ್ಚ್ 18ರಂದು ಗೋವಾದಲ್ಲಿ ನಡೆದ ಫೈನಲ್‌ನಲ್ಲಿ ಎಟಿಕೆ ಮೋಹನ್ ಬಾಗಾನ್ ಪೆನಾಲ್ಟಿಯಿಂದ ಸಮ ಮಾಡಿಕೊಂಡು, ಶೂಟೌಟ್‌ನಲ್ಲಿ ಗೆದ್ದಿತು. ಅದು ಪೆನಾಲ್ಟಿಯೇ ಅಲ್ಲ, ವಿಡಿಯೊ ನೆರವಿನ ವಿಎಆರ್ ಬೇಕೇ ಬೇಕು ಎಂದು ಬೆಂಗಳೂರಿನ ಮಾಲೀಕ ಪಾರ್ಥ್ ಜಿಂದಾಲ್ ಬಹಿರಂಗವಾಗಿ ಹೇಳಿದರು. ಮರುವರ್ಷ, 2024ರ ಜೂನ್ 11ರಂದು ದೋಹಾದ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಭಾರತ ಕತಾರ್ ಎದುರು 1–0 ಮುಂದಿತ್ತು. 73ನೇ ನಿಮಿಷದಲ್ಲಿ ಚೆಂಡು ಗೋಲಿನ ಪಕ್ಕದಲ್ಲಿ ಗೆರೆ ದಾಟಿ ಹೊರಗೆ ಹೋಗಿತ್ತು. ಕತಾರ್ ಆಟಗಾರರೊಬ್ಬರು ಅದನ್ನು ಒಳಗೆಳೆದು ಯೂಸುಫ್ ಅಯ್ಮನ್‌ಗೆ ಕೊಟ್ಟರು, ಅವರು ಗೋಲು ಹೊಡೆದರು. ಭಾರತದ ನಾಯಕ, ಬೆಂಗಳೂರು ಎಫ್‌ಸಿಯ ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ಎಷ್ಟು ಕೇಳಿಕೊಂಡರೂ ಗೋಲು ಉಳಿಯಿತು. ಅಲ್ಲೂ ವಿಎಆರ್ ಇರಲಿಲ್ಲ. ಭಾರತ 2–1ರಿಂದ ಸೋತು ಹೊರಬಿತ್ತು. ಫೆಡರೇಷನ್ ದೂರು ಕೊಟ್ಟಿತು, ಫಲಿತಾಂಶ ಬದಲಾಗಲಿಲ್ಲ. ಅಷ್ಟು ಅನ್ಯಾಯವಾದರೂ ನಮ್ಮ ತಂಡ ಪಂದ್ಯ ಬಿಟ್ಟು ಹೊರಡಲಿಲ್ಲ ಎಂಬುದಕ್ಕೆ ನನಗೆ ಹೆಮ್ಮೆಯಿದೆ.

ಅಮೆರಿಕದ ಎರಡು ಕಾಲೇಜು ಪಂದ್ಯಗಳು

ರೆಫರಿಯ ತಪ್ಪಿನಿಂದ ಲಾಭ ಪಡೆದ ತಂಡ ಏನು ಮಾಡಬೇಕು ಎಂಬುದಕ್ಕೆ ಈ ಎರಡು ಪಂದ್ಯ ನೋಡಿ. ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ಎಂದರೆ ಬೇರೆಯೇ ಆಟ; ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದು. 10 ಗಜ ಮುಂದೆ ಸಾಗಲು ತಂಡಕ್ಕೆ ನಾಲ್ಕು ಅವಕಾಶ. 1940ರ ನವೆಂಬರ್ 16ರಂದು ಡಾರ್ಟ್‌ಮತ್ ಎದುರು 0–3ರಿಂದ ಹಿಂದಿದ್ದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ, ಎಣಿಕೆ ತಪ್ಪಿದ ರೆಫರಿ ಕೊನೆಯ ಕ್ಷಣಗಳಲ್ಲಿ ಐದನೇ ಅವಕಾಶ ಕೊಟ್ಟುಬಿಟ್ಟರು. ಕಾರ್ನೆಲ್ 7–3ರಿಂದ ಗೆದ್ದಿತು. ಪಂದ್ಯದ ಫಿಲ್ಮ್ ನೋಡಿದ ಮೇಲೆ ತಪ್ಪು ಸ್ಪಷ್ಟವಾಯಿತು, ರೆಫರಿಯೂ ಒಪ್ಪಿಕೊಂಡರು. ಕಾರ್ನೆಲ್ ತಂತಿ ಕಳಿಸಿ ಗೆಲುವನ್ನು ಡಾರ್ಟ್‌ಮತ್‌ಗೆ ಬಿಟ್ಟುಕೊಟ್ಟಿತು. ದಾಖಲೆಯಲ್ಲಿ ಇಂದಿಗೂ 3–0 ಎಂದೇ ಇದೆ.

1990ರ ಅಕ್ಟೋಬರ್ 6ರಂದು ಮಿಸ್ಸೌರಿ ಎದುರು ಕೊಲೊರಾಡೊಗೆ ಇಂಥದೇ ಐದನೇ ಅವಕಾಶ ಸಿಕ್ಕಿತು. 33–31ರ ಗೆಲುವನ್ನು ಕೊಲೊರಾಡೊ ಬಿಟ್ಟುಕೊಡಲಿಲ್ಲ; ಆ ವರ್ಷದ ರಾಷ್ಟ್ರೀಯ ಚಾಂಪಿಯನ್ ಪಟ್ಟದಲ್ಲಿ ಪಾಲನ್ನೂ ಪಡೆಯಿತು. ಬಿಟ್ಟುಕೊಡಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ. ಆದರೂ ಕಾಲೇಜು ತಂಡಗಳಿಗೆ ಉದಾಹರಣೆ ಕೊಡುವುದಾದರೆ ನಾನು ಕೊಡುವುದು ಕಾರ್ನೆಲ್‌ನದ್ದೇ.

ಪೆನಾಲ್ಟಿಯ ಜಗಳಗಳು

ನಮ್ಮ ಕಾಲೇಜು ಮೈದಾನದಲ್ಲಿ ಕ್ಯಾಮೆರಾ ಇರುವುದಿಲ್ಲ. ಬೆಳಿಗ್ಗೆ ಎಳೆದ ಸುಣ್ಣದ ಗೆರೆ ಮಧ್ಯಾಹ್ನದ ಹೊತ್ತಿಗೆ ಕಾಲ್ತುಳಿತಕ್ಕೆ ಅರ್ಧ ಅಳಿಸಿರುತ್ತದೆ. ಗೋಲಿನಿಂದ 16.5 ಮೀಟರಿನ ಆ ಗೆರೆ ಪೆನಾಲ್ಟಿ ಪ್ರದೇಶದ ಭಾಗವೇ. ಗೆರೆಯ ಮೇಲೆ ಫೌಲ್ ಆದರೂ ಪೆನಾಲ್ಟಿಯೇ. ಹಿಡಿದೆಳೆಯುವುದು ಹೊರಗೆ ಶುರುವಾಗಿ ಒಳಗೂ ಮುಂದುವರಿದರೆ ಅದೂ ಪೆನಾಲ್ಟಿ.

ಇಲ್ಲಿ ಫ್ರೀ ಕಿಕ್ಕಿನಂತಲ್ಲ, ಸೀಟಿ ಕಡ್ಡಾಯ. 11 ಮೀಟರ್ ದೂರದಿಂದ ಒದೆಯುವ ಕ್ಷಣದಲ್ಲಿ ಗೋಲ್‌ಕೀಪರ್‌ನ ಒಂದು ಪಾದದ ಸ್ವಲ್ಪ ಭಾಗವಾದರೂ ಗೆರೆಯ ಮೇಲೆ, ಅದರ ನೇರಕ್ಕೆ ಅಥವಾ ಹಿಂದೆ ಇರಬೇಕು. ಮುಂದೆ ಜಿಗಿದು ತಡೆದರೆ ಮತ್ತೆ ಒದೆಯಬೇಕು. ಮೊದಲ ಸಲ ಕೀಪರ್‌ಗೆ ಎಚ್ಚರಿಕೆ, ಆಮೇಲೆ ಹಳದಿ ಕಾರ್ಡು. ಚೆಂಡು ಕಂಬಕ್ಕೆ ಬಡಿದರೆ ಅಥವಾ ಗೋಲು ಬಿಟ್ಟು ಹೊರಗೆ ಹೋದರೆ, ಕೀಪರ್‌ನ ಚಲನೆ ಒದೆಯುವವನನ್ನು ನಿಜಕ್ಕೂ ಕೆಡಿಸಿದ್ದಾಗ ಮಾತ್ರ ಮತ್ತೊಂದು ಅವಕಾಶ. ಓಡಿ ಬರುವಾಗ ಹುಸಿ ಹೆಜ್ಜೆ ಹಾಕಬಹುದು, ಓಟ ಮುಗಿದ ಮೇಲೆ ಒದ್ದಂತೆ ನಟಿಸುವಂತಿಲ್ಲ.

2025ರ ಮಾರ್ಚ್ 12ರಂದು ರಿಯಲ್ ಮ್ಯಾಡ್ರಿಡ್ ಎದುರಿನ ಶೂಟೌಟ್‌ನಲ್ಲಿ ಅಟ್ಲೆಟಿಕೊದ ಹೂಲಿಯನ್ ಆಲ್ವಾರೆಜ್ ಜಾರಿದಾಗ ಚೆಂಡು ಎರಡೂ ಕಾಲಿಗೆ ತಾಗಿತೆಂದು ಗೋಲು ರದ್ದಾಯಿತು. ಆಮೇಲೆ ಐಎಫ್‌ಎಬಿ ಸ್ಪಷ್ಟನೆ ಕೊಟ್ಟಿತು: ಹಾಗೆ ಆಕಸ್ಮಿಕವಾಗಿ ಎರಡು ಸಲ ತಾಗಿ ಗೋಲಾದರೆ ಮತ್ತೆ ಒದೆಯಲು ಬಿಡಬೇಕು.

ಕನ್ನಡದಲ್ಲಿ ಒಂದು ಹಾಳೆ

ಐಎಫ್‌ಎಬಿ ತನ್ನ ನಿಯಮ ಪುಸ್ತಕವನ್ನು ಇಂಗ್ಲಿಷ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಭಾಷೆಗಳಲ್ಲಿ ಹೊರತರುತ್ತದೆ. ಹಳ್ಳಿಯಿಂದ ಬರುವ ಹುಡುಗ ಇಂಗ್ಲಿಷಿನ ಆ ದಪ್ಪ ಪುಸ್ತಕ ಓದಿಕೊಂಡು ಮೈದಾನಕ್ಕೆ ಇಳಿಯಲಿ ಎನ್ನುವುದು ಸರಿಯಲ್ಲ. ಪ್ರತಿ ಕಾಲೇಜಿನ ದೈಹಿಕ ಶಿಕ್ಷಣ ವಿಭಾಗ 5, 13 ಮತ್ತು ಪೆನಾಲ್ಟಿಗೆ ಸಂಬಂಧಿಸಿದ 14ನೇ ನಿಯಮಗಳನ್ನಾದರೂ ಕನ್ನಡದಲ್ಲಿ ಒಂದು ಹಾಳೆಗೆ ಇಳಿಸಿ, ಪಂದ್ಯದ ಹಿಂದಿನ ದಿನ ಎರಡೂ ತಂಡದ ನಾಯಕರ ಕೈಗೆ ಕೊಡಲಿ. ಟೂರ್ನಿಯ ತಾಂತ್ರಿಕ ಸಮಿತಿಗೆ ಆಕ್ಷೇಪಣೆ ಸಲ್ಲಿಸುವ ಕ್ರಮವೂ ಅದರಲ್ಲಿರಲಿ: ಯಾರು ಬರೆಯಬೇಕು, ಎಷ್ಟು ಹೊತ್ತಿನೊಳಗೆ, ಯಾರಿಗೆ ಕೊಡಬೇಕು ಎಂದು.