ಲೋಹ ಮುದ್ರಣದ ದೋಷ ಪತ್ತೆಗೆ ಯಂತ್ರಕಲಿಕೆ

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ರೈತರಿಗೆ ದಾಲ್‌ಮಿಲ್ಲಿನ ಸಾರ್ಟೆಕ್ಸ್ ಯಂತ್ರ ಅಪರಿಚಿತವಲ್ಲ. ಅದರ ಕ್ಯಾಮೆರಾ ಬಣ್ಣಗೆಟ್ಟ ತೊಗರಿ ಬೇಳೆಯನ್ನು ಗುರುತಿಸಿದೊಡನೆ ಗಾಳಿಯ ಹೊಡೆತ ಅದನ್ನು ಹೊರಹಾಕುತ್ತದೆ. ಲೋಹದ 3ಡಿ ಮುದ್ರಣದಲ್ಲಿಯೂ ಕ್ಯಾಮೆರಾ ದೋಷವನ್ನು ಹುಡುಕುತ್ತದೆ. ಆದರೆ ಇಲ್ಲಿ ಕಣ್ತಪ್ಪಿದ ದೋಷ ಮುಂದಿನ ಪದರದಡಿ ಹೂತುಹೋಗುತ್ತದೆ.

ವಿಧಾನ: ಲೋಹದ ಪುಡಿಯನ್ನು ಸಾಮಾನ್ಯವಾಗಿ 20ರಿಂದ 60 ಮೈಕ್ರಾನ್ ದಪ್ಪಕ್ಕೆ ಹರಡಿ, ಬೇಕಾದಲ್ಲಿ ಮಾತ್ರ ಲೇಸರ್‌ನಿಂದ ಕರಗಿಸಲಾಗುತ್ತದೆ. ಹೀಗೆ ಸಾವಿರಾರು ಪದರಗಳು ಕೂಡಿ ಒಂದು ಭಾಗ ರೂಪುಗೊಳ್ಳುತ್ತದೆ.

ಇಸ್ರೋ ನಿದರ್ಶನ: ಪಿಎಸ್‌ಎಲ್‌ವಿ ರಾಕೆಟ್ಟಿನ ನಾಲ್ಕನೇ ಹಂತದ ಪಿಎಸ್4 ಎಂಜಿನ್ನನ್ನು ಬೆಂಗಳೂರಿನ ವಿಪ್ರೋ 3ಡಿ ಈ ವಿಧಾನದಲ್ಲಿ ತಯಾರಿಸಿತು. 2024ರ ಮೇ 9ರಂದು ಮಹೇಂದ್ರಗಿರಿಯಲ್ಲಿ ಇಸ್ರೋ ಅದನ್ನು 665 ಸೆಕೆಂಡುಗಳ ಕಾಲ ಯಶಸ್ವಿಯಾಗಿ ಪರೀಕ್ಷಿಸಿತು. 14 ಭಾಗಗಳು ಒಂದಾದವು. 19 ಬೆಸುಗೆಗಳು ಇಲ್ಲವಾದವು. ಪ್ರತಿ ಎಂಜಿನ್ನಿಗೆ 565 ಕಿಲೋ ಲೋಹ ಬೇಕಿದ್ದಲ್ಲಿ 13.7 ಕಿಲೋ ಪುಡಿ ಸಾಕಾಯಿತು. ಆದರೆ ಇಡೀ ಭಾಗ ಒಂದೇ ಆದಾಗ, ಒಳಗೊಂದು ದೋಷವಿದ್ದರೆ ಇಡೀ ಭಾಗವೇ ತಿರಸ್ಕೃತವಾಗಬಹುದು.

ದೋಷದ ಮೂಲ: ಲೇಸರ್ ಶಾಖ ಕಡಿಮೆಯಾದರೆ ಪುಡಿ ಪೂರ್ಣ ಕರಗದೆ ಸಂದು ಉಳಿಯುತ್ತದೆ. ಹೆಚ್ಚಾದರೆ ಲೋಹ ಆವಿಯಾಗಿ ಆಳದ ಕುಳಿ ಬಿದ್ದು, ಅದು ಮುಚ್ಚಿಕೊಳ್ಳುವಾಗ ಒಳಗೆ ಗುಳ್ಳೆ ಸಿಲುಕುತ್ತದೆ. ಪುಡಿ ಹರಡುವ ಅಲಗು ಸವೆದರೆ ಪದರದಲ್ಲಿ ಗೆರೆ ಮೂಡುತ್ತದೆ. ಒತ್ತಡ ಮರುಕಳಿಸಿದಂತೆ ಇಂಥ ರಂಧ್ರದಿಂದಲೇ ಬಿರುಕು ಆರಂಭವಾಗಬಹುದು.

ಕಲಿಕೆಯ ಕ್ರಮ: ಪ್ರತಿ ಪದರದ ಚಿತ್ರ, ಕರಗಿದ ಲೋಹದ ಹೊಳಪು, ಕೆಲವೆಡೆ ಶಬ್ದವನ್ನೂ ದಾಖಲಿಸಲಾಗುತ್ತದೆ. ಸಿದ್ಧವಾದ ಭಾಗದ ಸಿಟಿ ಸ್ಕ್ಯಾನ್ ಮಾಡಿದಾಗ ರಂಧ್ರಗಳ ನೆಲೆ ತಿಳಿಯುತ್ತದೆ. ಯಾವ ರಂಧ್ರ ಯಾವ ಪದರದ್ದೆಂದು ಹೊಂದಿಸಿ ಗಣಕಕ್ಕೆ ಉದಾಹರಣೆಗಳನ್ನು ಒದಗಿಸಲಾಗುತ್ತದೆ. ಮುಂದೆ ಅಂಥದೇ ಲಕ್ಷಣ ಕಂಡಾಗ ಗಣಕವು ಮುದ್ರಣದ ನಡುವೆಯೇ ಎಚ್ಚರಿಸುತ್ತದೆ. ಆಗ ಕೆಲಸ ನಿಲ್ಲಿಸಬಹುದು. ಕೆಲವು ಸಂದರ್ಭಗಳಲ್ಲಿ ಆ ಪದರವನ್ನು ಮತ್ತೆ ಕರಗಿಸಿ ಸರಿಪಡಿಸಬಹುದು.

ಮಿತಿಗಳು: ದೋಷದ ಉದಾಹರಣೆಗಳು ವಿರಳ. ಸಾವಿರ ಪದರಗಳಲ್ಲಿ ಒಂದು ಮಾತ್ರ ಕೆಟ್ಟಿದ್ದರೆ, ಎಲ್ಲವೂ ಸರಿಯೆಂದೇ ಹೇಳುವ ಗಣಕವೂ ಶೇ 99.9ರಷ್ಟು ನಿಖರವೆನಿಸಿಕೊಳ್ಳುತ್ತದೆ, ಆದರೂ ಅದು ನಿರುಪಯುಕ್ತ. ಆದ್ದರಿಂದ ಅದು ಎಷ್ಟು ದೋಷಗಳನ್ನು ಬಿಟ್ಟಿತು, ಎಷ್ಟು ಬಾರಿ ಸುಳ್ಳು ಎಚ್ಚರಿಕೆ ನೀಡಿತು ಎಂಬುದನ್ನು ಬೇರೆ ಬೇರೆಯಾಗಿ ಎಣಿಸಬೇಕು. ಒಂದು ಯಂತ್ರದಲ್ಲಿ ಅಥವಾ ಒಂದು ಮಿಶ್ರಲೋಹದಲ್ಲಿ ಕಲಿತದ್ದು ಇನ್ನೊಂದಕ್ಕೆ ಹಾಗೆಯೇ ಒದಗದು.

ಈ ಕಾರಣದಿಂದ ಯಂತ್ರಕಲಿಕೆ ಸದ್ಯಕ್ಕೆ ಪರೀಕ್ಷಕನ ಸಹಾಯಕ ಮಾತ್ರ. ರಾಕೆಟ್, ವಿಮಾನದಂಥ ಬಳಕೆಗೆ ಸಿಟಿ ಸ್ಕ್ಯಾನ್ ಮತ್ತು ಬಲಪರೀಕ್ಷೆ ಇಂದಿಗೂ ಅನಿವಾರ್ಯ.