ಉಪ್ಪಾಗೆ ಹುಳಿಯ ಅಣುಸೂತ್ರ

ಉತ್ತರ ಕನ್ನಡದ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಘಟ್ಟದ ಕಾಡಿನಲ್ಲಿ ಬೆಳೆಯುವ ಉಪ್ಪಾಗೆ ಹಣ್ಣಿನ (ಗಾರ್ಸೀನಿಯ ಗಮ್ಮಿ-ಗುಟ್ಟ) ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಹಣ್ಣಾಗುವುದು ಮಳೆಗಾಲದಲ್ಲಿ, ಬಿಸಿಲನ್ನು ನಂಬುವಂತಿಲ್ಲದ್ದರಿಂದ ಸಿಪ್ಪೆಯನ್ನು ಬೆಂಕಿಯ ಕಾವಿನಲ್ಲಿ ಕಪ್ಪಾಗುವವರೆಗೆ ಒಣಗಿಸುತ್ತಾರೆ. ಕೇರಳದ ಮೀನು ಸಾರಿಗೆ ಬೀಳುವ ಕೊಡಂಪುಳಿ ಇದೇ.

ಈ ಹುಳಿಯನ್ನು ಬಹುಕಾಲ ಟಾರ್ಟಾರಿಕ್ ಅಥವಾ ಸಿಟ್ರಿಕ್ ಆಮ್ಲವೆಂದೇ ಭಾವಿಸಲಾಗಿತ್ತು. 1965ರಲ್ಲಿ ವೈ. ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ ಅದು ಬೇರೆಯೇ ಎಂದು ತೋರಿಸಿದರು. ಲೂಯಿಸ್ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದವರಾಗಿದ್ದರು.

ಆಮ್ಲವನ್ನು ಸುಟ್ಟು ವಿಶ್ಲೇಷಿಸಿದರೆ ತೂಕದಲ್ಲಿ ಇಂಗಾಲ ಶೇ. 34.6, ಹೈಡ್ರೋಜನ್ ಶೇ. 3.9, ಆಕ್ಸಿಜನ್ ಶೇ. 61.5 ಸಿಗಬೇಕು. ಒಂದೊಂದನ್ನೂ ಅದರದರ ಪರಮಾಣು ತೂಕದಿಂದ ಭಾಗಿಸಿದರೆ 3:4:4 ಎಂಬ ಅನುಪಾತ ಬರುತ್ತದೆ. ಇದು ಪ್ರಾಯೋಗಿಕ ಸೂತ್ರ. ಇದರ ತೂಕ 104. ತೊಡಕೆಂದರೆ ಮಲೋನಿಕ್ ಆಮ್ಲದ ಅನುಪಾತವೂ ಇದೇ. ಲೀಬಿಗ್ 1831ರಲ್ಲಿ ಸುಲಭಗೊಳಿಸಿದ ದಹನ ವಿಶ್ಲೇಷಣೆ ಇವೆರಡನ್ನು ಬೇರ್ಪಡಿಸಲಾರದು. ಅಣುತೂಕ ಬೇಕೇ ಬೇಕು.

ಅಣುತೂಕ ತಿಳಿಯುವ ದಾರಿಯಾಗಿ 1826ರಲ್ಲಿ ಡ್ಯೂಮಾ ಆವಿಯ ಸಾಂದ್ರತೆ ಅಳೆಯುವ ವಿಧಾನ ಕೊಟ್ಟಿದ್ದ. ಸಮ ಗಾತ್ರದ ಅನಿಲಗಳಲ್ಲಿ ಸಮ ಸಂಖ್ಯೆಯ ಅಣುಗಳಿರುತ್ತವೆಂಬ ಅವೊಗಾಡ್ರೊನ 1811ರ ಊಹೆಯನ್ನು ಕ್ಯಾನಿಜಾರೊ 1858ರಲ್ಲಿ ಎತ್ತಿ ಹಿಡಿದ ಮೇಲಷ್ಟೇ ಆ ಅಂಕಿಗಳಿಗೆ ಸರಿಯಾದ ಅರ್ಥ ಬಂತು. ಆದರೆ ಕಾಯಿಸಿದರೆ ಕೆಡುವ ಹುಳಿಗೆ ಆವಿಯ ವಿಧಾನ ನಡೆಯದು; ಕ್ಷಾರದೊಂದಿಗೆ ಅನುಮಾಪನವೇ ಗತಿ. ಅದರಲ್ಲಿ ಸಿಗುವ ತುಲ್ಯಾಂಕ ತೂಕ, ಅಂದರೆ ಒಂದು ಆಮ್ಲಗುಂಪಿನ ಪಾಲಿಗೆ ಬರುವ ತೂಕ, 69.3. ಅಣುವಿನಲ್ಲಿ ಮೂರು ಆಮ್ಲಗುಂಪುಗಳಿರುವುದರಿಂದ ಅಣುತೂಕ 208, ಅಂದರೆ 104ರ ಎರಡರಷ್ಟು. ಆದ್ದರಿಂದ ಅಣುವಿನಲ್ಲಿ 6 ಇಂಗಾಲ, 8 ಹೈಡ್ರೋಜನ್, 8 ಆಕ್ಸಿಜನ್.

ಒಣಗಿಸುವಾಗ, ಕುದಿಸುವಾಗ ಈ ಆಮ್ಲ ಒಂದು ನೀರಿನ ಅಣುವನ್ನು ಕಳೆದುಕೊಂಡು ಲ್ಯಾಕ್ಟೋನ್ ಆಗುತ್ತದೆ. ಅಣುತೂಕ 190ಕ್ಕೆ ಇಳಿಯುತ್ತದೆ. ಕ್ಷಾರದಲ್ಲಿ ಕುದಿಸಿ ಅಳೆದರೆ ತುಲ್ಯಾಂಕ ತೂಕ 63.3. ಸಿಟ್ರಿಕ್ ಆಮ್ಲದ್ದು 64! ಬರೀ ಈ ಅಂಕಿ ನೋಡಿದವರು ಮೋಸಹೋದರೆ ಆಶ್ಚರ್ಯವಿಲ್ಲ.

ಸಿಟ್ರಿಕ್‌ಗಿಂತ ಇದರಲ್ಲಿ ಹೆಚ್ಚಿಗೆ ಇರುವುದು ಒಂದೇ ಆಕ್ಸಿಜನ್. ಸಿಟ್ರೇಟನ್ನು ಒಡೆದು ಕೊಬ್ಬಿನ ತಯಾರಿಗೆ ಒದಗಿಸುವ ಕಿಣ್ವವನ್ನು ಈ ಆಮ್ಲ ತಡೆಯುತ್ತದೆಂದು 1969ರಲ್ಲಿ ಗೊತ್ತಾಯಿತು. ಬೊಜ್ಜು ಕರಗಿಸುತ್ತವೆಂಬ ಮಾತ್ರೆಗಳು ಬಂದವು, 1990ರ ದಶಕದಲ್ಲಿ ಉತ್ತರ ಕನ್ನಡದ ಸಿಪ್ಪೆಗೆ ಬೇಡಿಕೆ ಏರಿತು, ಕಾಡಿನಲ್ಲಿ ಕೊಯ್ಲಿಗೆ ಪೈಪೋಟಿ ಹುಟ್ಟಿತು. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ನಡೆದ ಪರೀಕ್ಷೆಯಲ್ಲಿ ಈ ಮಾತ್ರೆ ನುಂಗಿದವರ ತೂಕ, ಹುಸಿಮಾತ್ರೆ ನುಂಗಿದವರಿಗಿಂತ ಗಮನಾರ್ಹವಾಗಿ ಹೆಚ್ಚೇನೂ ಇಳಿಯಲಿಲ್ಲ.