ಗಾಣಗಾಪುರ ರೋಡಿನಿಂದ ಬ್ರಿಂಡಿಸಿಗೆ

ಜೇವರ್ಗಿ ಕಡೆಯ ಕೊಳಕೂರಿಗೆ ರೈಲಿಲ್ಲ. ರೈಲು ಹತ್ತಬೇಕೆಂದರೆ ಕಟ್ಟಿಸಂಗಾವಿ ಸೇತುವೆಯ ಮೇಲೆ ಭೀಮೆಯನ್ನು ದಾಟಿ ಕಲಬುರಗಿಗೆ ಬರಬೇಕು. ಆ ಊರಿನ, ನಮ್ಮ ಸಂಬಂಧದ ಹುಡುಗನೊಬ್ಬ ಪುಣೆಯಲ್ಲಿ ನೌಕರಿಯಲ್ಲಿದ್ದಾನೆ. ಈಚೆಗೆ ಹೆಂಡತಿಯನ್ನೂ ಅಜ್ಜಿಯನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದಿದ್ದ. “ಕಾಕಾ, ನಮ್ಮ ಲಗ್ನಾಗಿ ಒಂದ್ ವರ್ಷ ಆಗ್ಲಿಕ್ ಬಂತು. ಇಟಲಿಗಿ ಹೋಗಬೇಕಂತ ಮಾಡೀವಿ. ಅಲ್ಲಿ ಎಲ್ಲಾ ಕಡಿ ರೈಲಿನ್ಯಾಗೇ ತಿರಗೋದು. ನೀವು ರೈಲಿನ ಪುಸ್ತಕ ಓದೋರು, ಹ್ಯಾಂಗ ಹೋಗಬೇಕು ಹೇಳ್ರಿ” ಎಂದ. ಅಜ್ಜಿಯದು ಒಂದೇ ಮಾತು: “ಮದಲ ಜೋಡೀಲೆ ಗಾಣಗಾಪುರಕ ಹೋಗಿ ಬರ್ರಿ. ಆಮ್ಯಾಲ ಎಲ್ಲಿಗರೆ ಹೋಗ್ರಿ.”

ನಾನು ಇಟಲಿಯನ್ನು ಕಂಡವನಲ್ಲ. ರೈಲಿನ ವೇಳಾಪಟ್ಟಿಗಳನ್ನು ಕಾದಂಬರಿಯಂತೆ ಓದುವ ಚಟ ಮಾತ್ರ ಹಳೆಯದು. ಅಜ್ಜಿ ಹೇಳಿದ ಊರು ಮತ್ತು ಮೊಮ್ಮಗ ಹೇಳಿದ ದೇಶ ಒಂದು ಕಾಲಕ್ಕೆ ಒಂದೇ ದಾರಿಯ ಮೇಲಿದ್ದವು ಎಂದಾಗ ಇಬ್ಬರೂ ನಂಬಲಿಲ್ಲ. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. 1871ರಲ್ಲಿ ಎರಡು ಕೆಲಸಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ಮುಗಿದವು. ಫ್ರಾನ್ಸ್ ಮತ್ತು ಇಟಲಿಯ ನಡುವೆ ಆಲ್ಪ್ಸ್ ಪರ್ವತವನ್ನು ಕೊರೆದು ಮಾಡಿದ ಮಾಂಟ್ ಸೆನಿಸ್ ಸುರಂಗದಲ್ಲಿ ರೈಲು ಓಡಿತು. ಇತ್ತ ಮುಂಬಯಿಯಿಂದ ಸೊಲ್ಲಾಪುರ, ಕಲಬುರಗಿ, ಶಹಾಬಾದ, ವಾಡಿಗಳ ಮೇಲೆ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ರಾಯಚೂರಿನಲ್ಲಿ ಮದ್ರಾಸ್ ರೈಲ್ವೆಯ ಹಳಿಯನ್ನು ಕೂಡಿಕೊಂಡಿತು. ಲಂಡನ್ನಿನಿಂದ ಭಾರತಕ್ಕೆ ಬರುವ ಟಪಾಲಿಗೆ ಆಗ ಹೊಸ ದಾರಿಯಾಯಿತು. ಚೀಲಗಳು ಫ್ರಾನ್ಸನ್ನು ದಾಟಿ, ಸುರಂಗ ಹೊಕ್ಕು, ಇಟಲಿಯ ಉದ್ದಕ್ಕೂ ಪೂರ್ವದ ಕರಾವಳಿ ಹಿಡಿದು ಓಡಿ, ಬೂಟಿನಾಕಾರದ ಆ ದೇಶದ ಹಿಮ್ಮಡಿಯಲ್ಲಿರುವ ಬ್ರಿಂಡಿಸಿ ಬಂದರಿನಲ್ಲಿ ಹಡಗು ಹತ್ತುತ್ತಿದ್ದವು. ಮುಂಬಯಿಯಲ್ಲಿ ಇಳಿದ ಮೇಲೆ ಮದರಾಸಿನ ಚೀಲಗಳಿಗೆ ನಮ್ಮ ಹಳಿಯೇ ಗತಿ. ಈ ಹಳಿಯ ಮೇಲೆಯೇ ಸೊಲ್ಲಾಪುರಕ್ಕೂ ಕಲಬುರಗಿಗೂ ನಡುವೆ ಒಂದು ನಿಲ್ದಾಣವಿದೆ, ಹೆಸರು ಗಾಣಗಾಪುರ ರೋಡ್. ದತ್ತಾತ್ರೇಯನ ಭಕ್ತರು ಅಲ್ಲಿಳಿದು ಭೀಮಾ–ಅಮರಜಾ ಸಂಗಮಕ್ಕೆ ಹೋಗುತ್ತಾರೆ.

ಜೂಲ್ಸ್ ವರ್ನ್‌ನ ಎಂಬತ್ತು ದಿನಗಳ ಭೂಪ್ರದಕ್ಷಿಣೆಯ ಕಾದಂಬರಿ ಬಂದದ್ದು ಈ ದಾರಿ ತೆರೆದ ಬೆನ್ನಿಗೇ. ಅದರ ನಾಯಕ ಫಿಲಿಯಾಸ್ ಫಾಗ್ ಮಾಂಟ್ ಸೆನಿಸ್, ಟ್ಯೂರಿನ್, ಬ್ರಿಂಡಿಸಿಗಳ ಮೇಲೆಯೇ ಮುಂಬಯಿಗೆ ಬರುತ್ತಾನೆ. ಇಟಲಿಯಲ್ಲಿ ಅವನು ಕಿಟಕಿಯ ಹೊರಗೆ ನೋಡಿದಂತೆ ಕಾಣುವುದಿಲ್ಲ. ಗಡಿಯಾರ ನೋಡುವವರು ಹೋಗುವ ದಾರಿ ಅದು.

ನಿಜವಾದ ಪ್ರಯಾಣಿಕರಲ್ಲಿ ನಮ್ಮ ಸೀಮೆಗೆ ಹತ್ತಿರದವರು ನಿಜಾಮರ ದಿವಾನರಾಗಿದ್ದ ಮೊದಲನೆಯ ಸಾಲಾರ್ ಜಂಗ್. ವಾಡಿಯಿಂದ ಹೈದರಾಬಾದಿಗೆ ನಿಜಾಮರ ರೈಲು 1874ರಲ್ಲಿ ಓಡಿತು. ಎರಡು ವರ್ಷದ ಮೇಲೆ, 1876ರಲ್ಲಿ, ಅವರು ಯುರೋಪಿಗೆ ಹೊರಟರು. ಹೈದರಾಬಾದಿನಿಂದ ಮುಂಬಯಿಗೆ ರೈಲಿನಲ್ಲಿ ಹೋಗಲು ಆಗ ಬೇರೆ ದಾರಿಯಿರಲಿಲ್ಲ. ವಾಡಿ, ಕಲಬುರಗಿಗಳ ಮೇಲೆಯೇ ಹೋಗಬೇಕು. ಪ್ಯಾರಿಸ್ಸಿನಲ್ಲಿ ಮೆಟ್ಟಿಲ ಮೇಲೆ ಜಾರಿ ಬಿದ್ದು ತೊಡೆಗೆ ಪೆಟ್ಟು ಮಾಡಿಕೊಂಡರೆಂಬುದು ಆ ಪ್ರವಾಸದ ಬಗ್ಗೆ ಹೇಳುವ ಒಂದು ಸಂಗತಿ. ಇನ್ನೊಂದು, ಇಟಲಿಯಲ್ಲಿ ಅವರು ಕೊಂಡ ಅಮೃತಶಿಲೆಯ ಮೂರ್ತಿ. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂಗೆ ಹೋದವರೆಲ್ಲ ಅದರ ಮುಂದೆ ನಿಂತಿರುತ್ತೀರಿ: ಮುಸುಕು ಹೊದ್ದ ರೆಬೆಕಾ. ಕೆತ್ತಿದವನು ಜೊವಾನ್ನಿ ಮರಿಯಾ ಬೆನ್ಜೋನಿ. ತೆಳು ಸೆರಗಿನೊಳಗಿಂದ ಮುಖ ಕಾಣುವಂತೆ ಕಲ್ಲನ್ನು ಹೇಗೆ ಕಡೆದ ಎಂಬುದೇ ಅಲ್ಲಿ ಎಲ್ಲರ ಮಾತು. ಅವಳು ಯಾರೆಂದು ಕೇಳುವವರು ಕಡಿಮೆ. ಬೈಬಲಿನ ಕತೆಯಲ್ಲಿ ರೆಬೆಕಾ ತವರನ್ನು ಬಿಟ್ಟು ಒಂಟೆಯ ಮೇಲೆ ಕೂತು, ಕಾಣದ ಗಂಡನ ದೇಶಕ್ಕೆ ಹೋಗುವ ಮದುವಣಗಿತ್ತಿ. ಎದುರಿಗೆ ಬರುತ್ತಿರುವವನೇ ಅವನೆಂದು ತಿಳಿದ ಕ್ಷಣ ಸೆರಗನ್ನು ಮುಖದ ಮೇಲೆ ಎಳೆದುಕೊಳ್ಳುತ್ತಾಳೆ.

ನಮ್ಮ ಕಡೆಯ ಹೆಣ್ಣುಮಕ್ಕಳ ಪ್ರಯಾಣವೂ ಬಹುಕಾಲ ಅಂಥದೇ ಆಗಿತ್ತು. ತವರಿನಿಂದ ಗಂಡನ ಮನೆಗೆ, ಗಂಡನ ಮನೆಯಿಂದ ತವರಿಗೆ. ಲಗ್ನವಾದ ಮೊದಲ ವರ್ಷವನ್ನು ಜೋಡಿಯ ವರ್ಷವೆಂದು ನಾವು ಈಗ ತಿಳಿಯುತ್ತೇವೆ. ಹಳೆಯ ಲೆಕ್ಕದಲ್ಲಿ ಅದು ಅಗಲಿಕೆಗಳ ವರ್ಷ. ಆಷಾಢದಲ್ಲಿ ಸೊಸೆ ತವರಿನಲ್ಲಿರಬೇಕು. ಪಂಚಮಿಗೆ ಅಣ್ಣ ಕರೆಯಲು ಬರುತ್ತಾನೆ. ದೀಪಾವಳಿಗೆ ಅಳಿಯನೂ ಹೋಗುತ್ತಾನೆ, ಆದರೆ ಅಲ್ಲಿ ಅವನನ್ನು ಮಾವನ ಮನೆಯವರೆಲ್ಲ ಹಂಚಿಕೊಳ್ಳುತ್ತಾರೆ. ಗಂಡ ಹೆಂಡತಿ ಇಬ್ಬರೇ, ಬೇರೆ ಯಾವ ಕೆಲಸವೂ ಇಲ್ಲದೆ ಎಲ್ಲಿಗಾದರೂ ಹೋಗುವುದೆಂದರೆ ದೇವರಿಗೆ. ಆ ನೆಪವೊಂದನ್ನು ಯಾರೂ ಆಡಿಕೊಳ್ಳುವಂತಿರಲಿಲ್ಲ. ಅಜ್ಜಿಯ ಗಾಣಗಾಪುರದ ಹಿಂದೆ ಭಕ್ತಿಯಷ್ಟೇ ಈ ಜಾಣತನವೂ ಇದ್ದೀತು ಎಂದು ನನ್ನ ಅನುಮಾನ.

ಹಾಗೆ ಹೊರಟವರು ಕೂಡ ರೈಲಿನಲ್ಲಿ ಒಟ್ಟಿಗೆ ಕೂಡುತ್ತಿದ್ದರೆಂದಿಲ್ಲ. 1890ರ ರೈಲ್ವೆ ಕಾಯ್ದೆ, ಪ್ರಯಾಣಿಕರನ್ನು ಒಯ್ಯುವ ಪ್ರತಿ ಗಾಡಿಯಲ್ಲೂ ಕಡಿಮೆ ದರ್ಜೆಯ ಒಂದು ಕೋಣೆಯನ್ನಾದರೂ ಹೆಂಗಸರಿಗಾಗಿಯೇ ಇಡಬೇಕೆಂದು ಕಟ್ಟು ಮಾಡಿತು. ರಕ್ಷಣೆಗೆ ಅದು ಬೇಕಾದ ವ್ಯವಸ್ಥೆಯೇ. ಅದರ ಇನ್ನೊಂದು ಫಲವೆಂದರೆ, ಹೊಸ ಹೆಂಡತಿ ಹೆಂಗಸರ ಡಬ್ಬಿಯಲ್ಲಿ, ಗಂಡ ನಾಲ್ಕು ಡಬ್ಬಿ ಆಚೆ. “ನಾವು ಲಗ್ನದ ಮರುವರ್ಷ ಹೋಗಿದ್ದಿವಿ. ಪ್ರತಿ ಟೇಸನಕ್ಕೂ ಇಳದು ಬಂದು ಕಿಡಕ್ಯಾಗ ನೋಡಿ ಹೋಗತಿದ್ರು” ಎಂದು ಅಜ್ಜಿ ನಕ್ಕರು. ಬುತ್ತಿಯ ಗಂಟು ಅವರ ಮಡಿಲಲ್ಲಿತ್ತಂತೆ. ಅಜ್ಜ ಇಳಿದು ಬಂದದ್ದು ಹೆಂಡತಿಯನ್ನು ನೋಡಲೋ ರೊಟ್ಟಿಗೋ ಎಂದು ಮೊಮ್ಮಗ ಕೇಳಿದ.

ಇಟಲಿಯ ದಾರಿಯಲ್ಲಿ ಆಮೇಲೂ ಒಂಟಿ ಗಂಡಸರೇ ಹೆಚ್ಚು. ಬ್ರಿಂಡಿಸಿಯ ಟಪಾಲು ಗಾಡಿಯ ವೈಭವ ಮೊದಲ ಮಹಾಯುದ್ಧದೊಂದಿಗೆ ಮುಗಿಯಿತು. 1931ರ ಡಿಸೆಂಬರಿನಲ್ಲಿ ಗಾಂಧೀಜಿ ದುಂಡುಮೇಜಿನ ಪರಿಷತ್ತಿನಿಂದ ಹಿಂದಿರುಗುವಾಗ ರೋಮಿಗೆ ಬಂದು, ಅಲ್ಲಿಂದ ರೈಲಿನಲ್ಲಿ ಬ್ರಿಂಡಿಸಿಗೆ ಹೋಗಿ ಹಡಗು ಹತ್ತಿದರು, ಕಸ್ತೂರಬಾ ಜೊತೆಗಿರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಓದಲು ಹೋದ ನಮ್ಮ ಹುಡುಗರು ಮುಂಬಯಿಯಿಂದ ಇಟಲಿಯ ಹಡಗುಗಳಲ್ಲಿ ನೇಪಲ್ಸಿಗೋ ಜಿನೋವಾಕ್ಕೋ ಹೋಗಿ ಅಲ್ಲಿಂದ ರೈಲು ಹಿಡಿಯುತ್ತಿದ್ದರು. ವಿಮಾನ ಅಗ್ಗವಾದ ಮೇಲೆ ಆ ದಾರಿಯೂ ಹೋಯಿತು.

ಇನ್ನು ಇವರಿಬ್ಬರ ಯೋಜನೆ. ಇರುವುದು ಹತ್ತು ದಿನ. ವೀಸಾಕ್ಕೆ ಯಾವ ರಾತ್ರಿ ಯಾವ ಊರಿನಲ್ಲಿ ಎಂದು ಮೊದಲೇ ಬರೆದು ಕೊಡಬೇಕಾದ್ದರಿಂದ “ಹೋದಾಗ ನೋಡೋಣ” ಎನ್ನುವ ನಮ್ಮ ಪದ್ಧತಿ ನಡೆಯದು. ಹುಡುಗ ಎಂಟು ಊರುಗಳ ಪಟ್ಟಿ ತಂದಿದ್ದ. ನಾನು ನಾಲ್ಕನ್ನು ಹೊಡೆದು ಹಾಕಿದೆ. ಉಳಿದವು ವೆನಿಸ್, ಫ್ಲಾರೆನ್ಸ್, ರೋಮ್, ನೇಪಲ್ಸ್. ಉತ್ತರದಿಂದ ದಕ್ಷಿಣಕ್ಕೆ ಒಂದೇ ಎಳೆ. ಹಿಂದೆ ಮುಂದೆ ಓಡಾಡುವ ಕೆಲಸವಿಲ್ಲ. ವೆನಿಸ್ಸಿನಿಂದ ಫ್ಲಾರೆನ್ಸಿಗೆ ಎರಡು ಗಂಟೆಗೆ ತುಸು ಮೇಲೆ, ಅಲ್ಲಿಂದ ರೋಮಿಗೆ ಒಂದೂವರೆ ಗಂಟೆ, ರೋಮಿನಿಂದ ನೇಪಲ್ಸಿಗೆ ಒಂದು ಗಂಟೆ ಚಿಲ್ಲರೆ. ವೇಗದ ಗಾಡಿಗೆ ಆಸನ ಮೊದಲೇ ಗೊತ್ತಾಗಿರುತ್ತದೆ. ಊರಿಂದೂರಿಗೆ ಹೋಗುವ ಸಾದಾ ಗಾಡಿಯ ಕಾಗದದ ಟಿಕೀಟನ್ನು ಮಾತ್ರ ಹತ್ತುವ ಮುಂಚೆ ಪ್ಲಾಟ್‌ಫಾರಂ ಮೇಲಿನ ಯಂತ್ರಕ್ಕೆ ಒಡ್ಡಿ ಮುದ್ರೆ ಒತ್ತಿಸಿಕೊಳ್ಳಬೇಕು. ಮರೆತರೆ ದಂಡ.

ಈ ಎಳೆ ಇಷ್ಟು ಸಲೀಸಾದದ್ದು ಈಚೆಗೆ. ಇಟಲಿಯ ಮೊದಲ ರೈಲು 1839ರಲ್ಲಿ ನೇಪಲ್ಸಿನಿಂದ ಪೋರ್ತಿಚಿಗೆ ಓಡಿತು, ನಮ್ಮ ಬೋರಿಬಂದರ್–ಠಾಣೆ ಗಾಡಿಗೆ 14 ವರ್ಷ ಮೊದಲು. ಆಗ ಇಟಲಿಯೆಂಬ ಒಂದು ದೇಶವೇ ಇರಲಿಲ್ಲ. ನೇಪಲ್ಸಿನಲ್ಲಿ ಒಬ್ಬ ರಾಜ, ವೆನಿಸ್ಸಿನಲ್ಲಿ ಆಸ್ಟ್ರಿಯದವರು, ರೋಮಿನಲ್ಲಿ ಪೋಪ್. ಹದಿನಾರನೆಯ ಗ್ರೆಗರಿ ಎಂಬ ಪೋಪ್ ಸಾಯುವವರೆಗೂ ತನ್ನ ಸೀಮೆಯಲ್ಲಿ ರೈಲಿಗೆ ಎಡೆಗೊಡಲಿಲ್ಲ. ಬ್ರಿಟಿಷ್ ಕಂಪನಿಯ ಹಳಿ ನಿಜಾಮರ ಸೀಮೆಯಲ್ಲಿ ಹಾದುಹೋದ ನಮ್ಮ ಕಲಬುರಗಿಯವರಿಗೆ ಇದು ಅಪರಿಚಿತವಾಗಬಾರದು. ಇಟಲಿಯ ರಾಜ್ಯಗಳು 1861ರಲ್ಲಿ ಒಂದಾದವು. ವೆನಿಸ್ 1866ರಲ್ಲಿ, ರೋಮ್ 1870ರಲ್ಲಿ ಸೇರಿದವು. ಮುಂಬಯಿ–ಪುಣೆಯ ನಡುವಿನ ಭೋರ್ ಘಾಟಿನ ಹಳಿ ಮುಗಿದದ್ದು 1863ರಲ್ಲಿ, ಬೊಲೋನ್ಯಾದಿಂದ ಅಪನೈನ್ ಬೆಟ್ಟಗಳನ್ನು ದಾಟುವ ಹಳಿ ಮುಗಿದದ್ದು 1864ರಲ್ಲಿ. ಹುಡುಗಿಗೆ ಇಷ್ಟು ಹೇಳಿದೆ: ಪುಣೆ–ಮುಂಬಯಿ ನಡುವೆ ಸುರಂಗ ಎಣಿಸಿ ಅಭ್ಯಾಸವಿದ್ದರೆ ಬೊಲೋನ್ಯಾ–ಫ್ಲಾರೆನ್ಸ್ ನಡುವೆ ಎಣಿಸಲು ಹೋಗಬೇಡ. 2009ರಲ್ಲಿ ತೆರೆದ ಹೊಸ ಹಳಿ ಅಲ್ಲಿ ಬಹುಪಾಲು ನೆಲದೊಳಗೇ ಓಡುತ್ತದೆ.

ಕಿಟಕಿ ಬೇಕಾದದ್ದು ವೆನಿಸ್ಸಿಗೆ. 1846ರ ರೈಲು ಸೇತುವೆ ಉಪ್ಪುನೀರಿನ ಮೇಲೆ ಮೂರೂವರೆ ಕಿಲೋಮೀಟರಿಗೂ ಹೆಚ್ಚು ಉದ್ದ ಸಾಗಿ ಊರನ್ನು ಮುಟ್ಟುತ್ತದೆ. ಇಳಿಯುವ ನಿಲ್ದಾಣಕ್ಕೆ ಸಂತ ಲೂಚಿಯಾಳ ಹೆಸರು. ಆಕೆಯ ಇಗರ್ಜಿಯನ್ನು ಕೆಡವಿ ನಿಲ್ದಾಣ ಕಟ್ಟಿದರು. ರೋಮಿನ ನಿಲ್ದಾಣಕ್ಕೆ ತೆರ್ಮಿನಿ ಎಂದು ಹೆಸರು. ರೈಲು ಮುಗಿಯುವ ಜಾಗವಾದ್ದರಿಂದ ಈ ಹೆಸರೆಂದು ನಾನೂ ತಿಳಿದಿದ್ದೆ. ಅದು ಪಕ್ಕದಲ್ಲಿರುವ ಡಯೋಕ್ಲೀಷಿಯನ್ ಚಕ್ರವರ್ತಿಯ ಸ್ನಾನಗೃಹಗಳಿಂದ ಬಂದದ್ದು.

ರೋಮಿನಲ್ಲಿ ನೋಡುವುದನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ನಾನು ಒಂದನ್ನು ಸೇರಿಸಿದೆ. ಕ್ಯಾಪಿಟಲ್ ಗುಡ್ಡದ ಮೇಲೆ, ಕಡಿದಾದ ಮೆಟ್ಟಿಲ ಸಾಲಿನ ತುದಿಗೆ, ಆರಾಚೆಲಿ ಎಂಬ ಇಗರ್ಜಿಯಿದೆ. ಅಲ್ಲಿ ಸಿತ್ತಿ ಮಾನಿ ಎಂಬ ಬಾಗ್ದಾದಿನ ಹೆಣ್ಣುಮಗಳು ಮಲಗಿದ್ದಾಳೆ. ರೋಮಿನ ಪಿಯೆತ್ರೋ ದೆಲ್ಲಾ ವಾಲ್ಲೆ 1614ರಲ್ಲಿ ವೆನಿಸ್ಸಿನಿಂದ ಹೊರಟ ಪ್ರವಾಸಿ. 1616ರಲ್ಲಿ ಬಾಗ್ದಾದಿನಲ್ಲಿ ಅವಳನ್ನು ಮದುವೆಯಾದ. ಗಂಡ ಹೆಂಡತಿ ಪರ್ಷಿಯವನ್ನೆಲ್ಲ ಜೋಡಿಯಾಗಿ ಸುತ್ತಿದರು. ಭಾರತವನ್ನು ನೋಡಿಕೊಂಡು ಇಟಲಿಗೆ ಹೋಗುವ ಯೋಚನೆಯಿಂದ ಕರಾವಳಿಗೆ ಬಂದಾಗ, 1621ರ ಡಿಸೆಂಬರಿನಲ್ಲಿ, ಅವಳು ಜ್ವರದಿಂದ ತೀರಿಕೊಂಡಳು. ಅವನು ದೇಹವನ್ನು ಅಲ್ಲಿ ಮಣ್ಣು ಮಾಡಲಿಲ್ಲ. ಕರ್ಪೂರ ತುಂಬಿ ಪೆಟ್ಟಿಗೆಯಲ್ಲಿಟ್ಟು, ಹಡಗಿನವರಿಗೆ ತಿಳಿಯದಂತೆ ಬಟ್ಟೆಗಳಲ್ಲಿ ಮುಚ್ಚಿ, ಭಾರತಕ್ಕೂ ತಂದ.

1623ರ ನವೆಂಬರಿನಲ್ಲಿ ಅವನು ಪೋರ್ಚುಗೀಸರ ರಾಯಭಾರಿಯ ಜೊತೆ ಗೋವೆಯಿಂದ ಇಕ್ಕೇರಿಗೆ, ವೆಂಕಟಪ್ಪ ನಾಯಕನ ರಾಜಧಾನಿಗೆ ಬಂದ. ಆ ಕಾಲದ ಮಲೆನಾಡಿನ ಬಗ್ಗೆ ಅವನ ಪತ್ರಗಳಷ್ಟು ಸೂಕ್ಷ್ಮವಾಗಿ ಹೇಳುವ ಬರಹಗಳು ಹೆಚ್ಚಿಲ್ಲ. ಹುಡುಗರು ನೆಲದ ಮರಳಿನ ಮೇಲೆ ಬೆರಳಿನಿಂದ ಅಂಕಿ ತಿದ್ದುತ್ತ ಒಬ್ಬರಿಗೊಬ್ಬರು ಪಾಠ ಒಪ್ಪಿಸುವುದನ್ನು ಅವನು ನಿಂತು ನೋಡಿದ. ಗಂಡ ಸತ್ತ ಮೇಲೆ ಸಹಗಮನಕ್ಕೆ ನಿಶ್ಚಯಿಸಿ ಊರಿನಲ್ಲಿ ಮೆರವಣಿಗೆ ಹೊರಟಿದ್ದ ಹೆಂಗಸೊಬ್ಬಳನ್ನು ಅವಳ ಮನೆಗೇ ಹೋಗಿ ಕಂಡ. ಅವಳ ಹೆಸರನ್ನು ಜಾಕಮ್ಮ ಎಂಬ ಧ್ವನಿ ಬರುವಂತೆ ಬರೆದುಕೊಂಡಿದ್ದಾನೆ. ಬೇಡವೆಂದು ಹೇಳಿ ನೋಡಿದ, ಚಿಕ್ಕ ಮಕ್ಕಳಿದ್ದಾರಲ್ಲ ಎಂದ. ಅವಳು ಕದಲಲಿಲ್ಲ. ಸತ್ತ ಹೆಂಡತಿಯನ್ನು ಬಿಡಲಾರದೆ ಪೆಟ್ಟಿಗೆಯಲ್ಲಿ ಹೊತ್ತು ತಿರುಗುತ್ತಿದ್ದವನು, ಸತ್ತ ಗಂಡನನ್ನು ಬಿಡಲೊಲ್ಲದವಳ ಮುಂದೆ ಕೂತು ಬುದ್ಧಿ ಹೇಳಿದ. ಅವನಿಗೆ ಇದು ಹೊಳೆದಿತ್ತೋ ಇಲ್ಲವೋ! ಒಂದು ವ್ಯತ್ಯಾಸವಂತೂ ಇದೆ. ಅವನು ಬದುಕಿ ಊರಿಗೆ ಹೋದ, ಆಮೇಲೆ ಇನ್ನೊಂದು ಮದುವೆಯನ್ನೂ ಮಾಡಿಕೊಂಡ.

1626ರಲ್ಲಿ ರೋಮ್ ಮುಟ್ಟಿ, ಆರಾಚೆಲಿಯಲ್ಲಿ ತನ್ನ ಮನೆತನದ ಸಮಾಧಿಯಲ್ಲಿ ಅವಳನ್ನಿಟ್ಟ. ಅವಳ ಗುಣಗಳನ್ನು ಹೇಳಲು ನಿಂತವನು ಅತ್ತು ಮಾತು ನಿಲ್ಲಿಸಿದನಂತೆ. ಗಂಡನ ಊರನ್ನು ನೋಡಲು ಹೊರಟ ಹೆಣ್ಣು ಐದು ವರ್ಷ ತಡವಾಗಿ, ಹೀಗೆ, ಬಂದು ಮುಟ್ಟಿದಳು.

ಹುಡುಗಿ ಆರಾಚೆಲಿಯ ಹೆಸರನ್ನು ಬರೆದುಕೊಂಡಳು. ಬ್ರಿಂಡಿಸಿಯಲ್ಲಿ ಏನಿದೆ ಎಂದು ಕೇಳಿದಳು. ಬಂದರಿನ ಮೆಟ್ಟಿಲ ಮೇಲೆ ರೋಮನ್ನರ ಕಾಲದ ಒಂದು ಕಂಬ ನಿಂತಿದೆ, ಆಪಿಯಾ ಎಂಬ ಹಳೆಯ ಹೆದ್ದಾರಿ ಅಲ್ಲಿಗೆ ಮುಗಿಯುತ್ತದೆ, ಮುಂದೆ ಸಮುದ್ರ ಎಂದೆ. ಹುಡುಗ ದಿನ ಎಣಿಸಿ, ಸಾಲುವುದಿಲ್ಲ ಕಾಕಾ ಎಂದ. ಒಂದು ರಾತ್ರಿ ನೇಪಲ್ಸಿನಲ್ಲಿ ಕಡಿಮೆ ಮಾಡೋಣ ಎಂದು ಅವಳು. ಅಜ್ಜಿ ಅಷ್ಟರಲ್ಲಿ ಮುಂದಿನ ಗುರುವಾರ ಗಾಣಗಾಪುರ ರೋಡಿಗೆ ಬೆಳಗಿನ ಗಾಡಿ ಎಷ್ಟು ಗಂಟೆಗೆ ಎಂದು ಕೇಳಿದರು. ಅದನ್ನು ಪಟ್ಟಿಯ ಮೊದಲಿಗೆ ಶಾಯಿಯಲ್ಲಿ ಬರೆದೆ, ಬ್ರಿಂಡಿಸಿಯನ್ನು ಕೊನೆಗೆ, ಪೆನ್ಸಿಲಿನಲ್ಲಿ.